ತೇಲಲಾಗದ ನೀರು

"ಬಿಡಿ ದಫೇದಾರ್, ಇನ್ನೊಂದ್ಸಲ ಬಿಡಿ!"

ದಫೇದಾರ್ ಕಬ್ಬಿಣದ ಕಟಕಟೆಯಾಚೆ ಬಾಗಿ ಕ್ಯಾನನ್ನು ತೊಟ್ಟಿಗೆ ಇಳಿಬಿಟ್ಟರು. ಕತ್ತಿನವರೆಗೆ ನೀರು ತುಂಬಿ, ಮುಚ್ಚಳದ ಕೆಳಗೆ ಒಂದಿಷ್ಟೇ ಗಾಳಿ ಉಳಿಸಿದ ಪ್ಲಾಸ್ಟಿಕ್ ಕ್ಯಾನು. ಹಿಡಿಗೆ ಉದ್ದನೆಯ ಹಗ್ಗ. ಕೆಳಗೆ ಊರಿನ ಕೊಳಚೆಯೆಲ್ಲ ಒಲೆಯ ಮೇಲಿಟ್ಟ ಎಸರಿನಂತೆ ಕೊತಕೊತನೆ ಮರಳುತ್ತಿತ್ತು. ಮರಳಿಸುತ್ತಿದ್ದದ್ದು ಬೆಂಕಿಯಲ್ಲ, ತಳದ ಕೊಳವೆಗಳಿಂದ ನುಗ್ಗಿ ಬರುವ ಗಾಳಿ.

ಕ್ಯಾನು ನೊರೆಯ ಮೇಲೆ ಕೂತಂತೆ ಮಾಡಿ ಗುಳುಂ ಎಂದು ಮುಳುಗಿತು. ಹಿಂದಿನ ಎರಡು ಸಲವೂ ಹಾಗೇ ಆಗಿತ್ತು.

"ಈಗ ಗಾಳಿ ನಿಲ್ಸೋಕೆ ಹೇಳಿ ಬನ್ನಿ."

ದಫೇದಾರ್ ಮೆಟ್ಟಿಲಿಳಿದು ಎತ್ತರದ ಗೋಡೆಯ ಹಿಂದಿದ್ದ ಬ್ಲೋವರ್ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ಯಂತ್ರದ ಗುಡುಗು ಇಳಿಯಿತು. ಗುಳ್ಳೆಗಳು ಒಡೆದವು, ನೊರೆ ಚದುರಿತು, ತೊಟ್ಟಿ ಸತ್ತ ಕೆರೆಯಂತೆ ಸುಮ್ಮನಾಯಿತು. ಆಮೇಲೆ ಕ್ಯಾನು ತಾನಾಗಿ ಮೇಲೆ ಬಂದು, ಏನೂ ಆಗಿಲ್ಲವೆಂಬಂತೆ ತೇಲತೊಡಗಿತು.

ಇನ್ಸ್‌ಪೆಕ್ಟರಮ್ಮ ಹಲ್ಲು ಕಡಿದಳು.

ನಿನ್ನೆ ಮಧ್ಯಾಹ್ನ ಇದೇ ತೊಟ್ಟಿಯಲ್ಲಿ ಈ ಕೊಳಚೆ ನೀರಿನ ಪ್ಲಾಂಟಿನ ಲ್ಯಾಬ್ ಹುಡುಗಿ ಮುಳುಗಿ ಸತ್ತಿದ್ದಳು. ಮ್ಯಾನೇಜರ್ ಎಂಬ ಮಹಾಶಯ ಕರವಸ್ತ್ರದಲ್ಲಿ ಕಣ್ಣೊತ್ತಿಕೊಂಡು ಹೇಳಿಕೆ ಕೊಟ್ಟಿದ್ದ: "ಕಾಲು ಜಾರಿ ಬಿದ್ಲು ಮೇಡಂ. ಕೈ ಬಡೀತಾ ನೀರಿನ ಮೇಲೇ ಇದ್ಲು. ತೇಲೋ ರಿಂಗ್ ಎಸೆದೆ, ಹಗ್ಗ ತರೋಕೆ ಓಡಿದೆ, ಬರೋಷ್ಟ್ರಲ್ಲಿ ಎಲ್ಲಾ ಮುಗಿದಿತ್ತು." ಅದೇ ಬಾಯಲ್ಲಿ ಇನ್ನೊಂದು ಮಾತೂ ಬಂದಿತ್ತು: "ನಮ್ಮಲ್ಲಿ ಬ್ಲೋವರ್ ಹಗಲೂ ರಾತ್ರಿ ಓಡುತ್ತೆ. ಒಂದು ನಿಮಿಷ ನಿಲ್ಲಿಸಿದ್ದಿಲ್ಲ."

ಗುಳ್ಳೆ ತುಂಬಿದ ನೀರು ಹಗುರ, ಮೈಯನ್ನು ಹೊರುವುದಿಲ್ಲ; ಗಾಳಿ ಓಡುತ್ತಿದ್ದರೆ ಹುಡುಗಿ ನೀರಿನ ಮೇಲೆ ಇರುವುದಕ್ಕೆ ಸಾಧ್ಯವಿಲ್ಲ. ನೀರಿನ ಮೇಲೆ ಇದ್ದಳೆಂದರೆ ಗಾಳಿ ಓಡುತ್ತಿರಲಿಲ್ಲ. ಇದನ್ನು ಹೇಳಲು ದೊಡ್ಡ ಪಂಡಿತರೇನೂ ಬೇಕಾಗಿರಲಿಲ್ಲ. ಕಟಕಟೆಗೆ ತೂಗುಹಾಕಿದ್ದ ಹಲಗೆಯಲ್ಲೇ ಬರೆದಿತ್ತು, ಅರ್ಧ ಅಕ್ಷರವನ್ನು ತುಕ್ಕು ತಿಂದಿದ್ದರೂ ಓದಬಹುದಿತ್ತು: 'ಎಚ್ಚರಿಕೆ. ಗಾಳಿ ಹರಿಯುವಾಗ ಈ ತೊಟ್ಟಿಯಲ್ಲಿ ಈಜಲು, ತೇಲಲು ಆಗುವುದಿಲ್ಲ.' ಪಕ್ಕದಲ್ಲಿ ಏಣಿ ಇರಬೇಕಾದ ಜಾಗದಲ್ಲಿ ಎರಡು ಮುರಿದ ಕೊಂಡಿಗಳು ಮಾತ್ರ ಇದ್ದವು.

ಸುಳ್ಳು ಹೇಳುವವನಿಗೂ ಒಂದು ಶಿಸ್ತು ಬೇಕು. ಈ ಮನುಷ್ಯನಿಗೆ ನಿಂತ ತೊಟ್ಟಿಯನ್ನು ನೋಡಿ ನೋಡಿ ಎಷ್ಟು ಅಭ್ಯಾಸವಾಗಿತ್ತೆಂದರೆ, ಓಡುವ ತೊಟ್ಟಿ ಹೇಗಿರುತ್ತದೆ ಎಂಬುದೇ ಮರೆತುಹೋಗಿತ್ತು. ಕಣ್ಣಲ್ಲಿ ಕಂಡದ್ದನ್ನು ಹಾಗೇ ಹೇಳಿ ಸಿಕ್ಕಿಬಿದ್ದಿದ್ದ.

ದಫೇದಾರ್ ಏದುಸಿರು ಬಿಡುತ್ತಾ ಮೇಲೆ ಬಂದರು. "ಮೇಡಂ, ದೊಡ್ಡ ಸಾಹೇಬ್ರ ಫೋನ್ ಬಂದಿತ್ತು. ಸಂಜೆ ಒಳಗೆ ಆಕಸ್ಮಿಕ ಅಂತ ಬರೆದು ಫೈಲ್ ಮುಗಿಸ್ಬೇಕಂತೆ. ಹೆಣ ತಾಯಿಗೆ ಕೊಟ್ಬಿಡಿ ಅಂದ್ರು."

"ಆ ತಾಯಿ ಏನಂತಾರೆ?"

"ಬೆಳಿಗ್ಗೆಯಿಂದ ಗೇಟ್ ಹತ್ರ ಬೆಂಚಿನ ಮೇಲೆ ಕೂತವರು ಎದ್ದಿಲ್ಲ. ಜಾರಿ ಬಿದ್ಲು ಅಂತ ಬರೆದ ಕಾಗದದ ಜೊತೆ ಮಗಳನ್ನ ಮನೆಗೆ ಕರ್ಕೊಂಡು ಹೋಗಲ್ಲ ಅಂತಾರೆ."

"ಸರಿಯಾಗೇ ಹೇಳ್ತಾರೆ. ನೀವು ಜೀಪಿನ ಹತ್ರ ಇರಿ. ಹೋಗ್ತಾ ಬ್ಲೋವರ್ ಮತ್ತೆ ಚಾಲೂ ಮಾಡ್ಸಿ, ಇವತ್ತಾದ್ರೂ ಓಡ್ಲಿ. ಹಾಗೇ ನನಗೊಂದು ಬಕೆಟ್ ಹುಡುಕಿ ಕೊಡಿ."

ದಫೇದಾರ್ ಯಾಕೆಂದು ಕೇಳಲಿಲ್ಲ. ಸ್ಟೇಷನ್ನಿನಲ್ಲಿ ಎಲ್ಲರೂ ಬೆನ್ನ ಹಿಂದೆ ಅವಳನ್ನು 'ಕೆಂಡ' ಎನ್ನುತ್ತಿದ್ದರು. ಕೆಂಡ ಬಕೆಟ್ ಕೇಳಿದರೆ ಬಕೆಟ್ ಕೊಟ್ಟು ದೂರ ನಿಲ್ಲುವುದು ಕ್ಷೇಮ.

ಪ್ಲಾಂಟಿನ ಹಿಂದಿನ ಗೋಡೆಯ ಬಳಿ ಒಂದು ಕಾಲುವೆ ಇತ್ತು. ಶುದ್ಧವಾದ ನೀರು ಅದರ ಮೂಲಕ ಹೊಳೆಗೆ ಇಳಿಯಬೇಕು. ಅವಳು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಬಕೆಟ್ ಅದ್ದಿದಳು. ಬೂದು ಬಣ್ಣದ ನೀರು, ಮೇಲೆ ಜಿಡ್ಡಿನ ಪೊರೆ, ನಾತಕ್ಕೆ ಕಣ್ಣಲ್ಲಿ ನೀರು ಬಂತು. ಹೊಳೆ ಇಲ್ಲಿಂದ ಒಂದು ತಿರುವು ದಾಟಿದರೆ ಕೆಳಗಿನ ಊರು. ಆ ಊರಿನ ನಲ್ಲಿಗಳಿಗೆ ಇದೇ ಹೊಳೆಯ ನೀರು.

ತೊಟ್ಟಿಗೆ ಹಾಯಿಸುವ ಗಾಳಿ ಶೋಕಿಗಲ್ಲ. ಕೊಳಕನ್ನು ತಿಂದು ನೀರನ್ನು ಹಸನು ಮಾಡುವ, ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳ ಉಸಿರು ಅದು. ಗಾಳಿ ನಿಂತರೆ ಅವು ಸಾಯುತ್ತವೆ. ಅವು ಸತ್ತರೆ ಇಡೀ ಊರಿನ ಕಕ್ಕಸು ಸೀದಾ ಹೊಳೆಗೆ. ಕರೆಂಟು ಉಳಿಸಿ ಶಹಬ್ಬಾಸ್ ಅನ್ನಿಸಿಕೊಳ್ಳುವವರಿಗೆ ಇದೊಂದು ದೊಡ್ಡ ವಿಷಯವಾಗಿ ಕಂಡಿರಲಿಲ್ಲ.

ಅವಳು ತುಂಬಿದ ಬಕೆಟ್ ಎತ್ತಿಕೊಂಡು ಆಫೀಸಿನ ಕಡೆ ನಡೆದಳು. ದಾರಿಯುದ್ದಕ್ಕೂ ತುಳುಕಿತು. ತುಳುಕಲಿ ಎಂದುಕೊಂಡಳು.

ಮ್ಯಾನೇಜರನ ಕೋಣೆ ತಣ್ಣಗಿತ್ತು, ಗುಲಾಬಿಯ ವಾಸನೆ ಹೊಡೆಯುತ್ತಿತ್ತು. ಬಾಗಿಲಿಗೆ ಎದುರಾಗಿ ಒಂದು ದೊಡ್ಡ ಗಾಜಿನ ಪೆಟ್ಟಿಗೆ; ಅದರಲ್ಲಿ ಕೆಂಪು ಮೀನುಗಳು ಬಾಲ ಬೀಸಿಕೊಂಡು ಓಡಾಡುತ್ತಿದ್ದವು. ಪೆಟ್ಟಿಗೆಯ ಮೇಲೆ ಬಂಗಾರದ ಬಣ್ಣದ ಫಲಕ: 'ನಮ್ಮ ಘಟಕದಿಂದ ನದಿಗೆ ಹೋಗುವ ನೀರು ಇದೇ!' ಹೊರಗೆ ಥಳಕು, ಒಳಗೆ ಹುಳುಕು ಎಂಬುದಕ್ಕೆ ಇಷ್ಟು ಚೆಂದದ ಉದಾಹರಣೆಯನ್ನು ಅವಳು ನೋಡಿರಲಿಲ್ಲ.

"ಬನ್ನಿ ಬನ್ನಿ ಮೇಡಂ, ಕೂತ್ಕೊಳ್ಳಿ. ಏನು ತಗೋತೀರಾ? ಬಿಸಿ ತರಿಸ್ಲಾ, ತಂಪು ತರಿಸ್ಲಾ?"

"ನಾನೇ ತಂದಿದ್ದೀನಿ."

ಅವನ ಕಣ್ಣು ಬಕೆಟ್ಟಿನ ಮೇಲೆ ಬಿತ್ತು. ಮೂಗು ಮೊದಲೇ ಸುದ್ದಿ ಮುಟ್ಟಿಸಿತ್ತು. "ಇದ್ಯಾಕೆ ಮೇಡಂ ಒಳಗೆ..."

"ನಿಮ್ಮ ಮೀನಿಗೆ. ಫಲಕದಲ್ಲಿ ಬರೆದಿದ್ದೀರಲ್ಲ, ನದಿಗೆ ಹೋಗೋ ನೀರು ಅಂತ. ಅದೇ ನೀರು. ಈಗ ತಾನೇ ಹಿಡಿದಿದ್ದು, ತಾಜಾ ಇದೆ."

ಅವಳು ಬಕೆಟ್ಟಿನ ತಳಕ್ಕೆ ಕೈಕೊಟ್ಟು ಗಾಜಿನ ಅಂಚಿಗೆ ಎತ್ತಿದಳು. ಮ್ಯಾನೇಜರ್ ಕುರ್ಚಿಯನ್ನು ಹಿಂದಕ್ಕೆ ಒದ್ದು ಹಾರಿ ಬಂದ.

"ಬೇಡ ಮೇಡಂ! ಸತ್ತು ಹೋಗ್ತವೆ!"

ಹೇಳಿ ಮುಗಿದ ಮೇಲೆ ಅವನಿಗೆ ತಾನು ಹೇಳಿದ್ದೇನೆಂದು ಗೊತ್ತಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಸುಮ್ಮನೆ ಹೇಳುತ್ತಾರೆಯೇ?

ಅವಳು ಬಕೆಟ್ಟನ್ನು ಅವನ ಮೇಜಿನ ಮೇಲೆ, ಹೊಳೆಯುವ ಗಾಜಿನ ಹೊದಿಕೆಯ ಮೇಲೆ ಕುಕ್ಕಿದಳು. ಒಂದಿಷ್ಟು ಚೆಲ್ಲಿ ಅವನ ಷರಟಿಗೆ ಸಿಡಿಯಿತು.

"ಕೆಳಗಿನ ಊರಲ್ಲಿ ಜನ ಇದನ್ನ ಕುಡೀತಾರೆ. ಹಸುಗೂಸಿಗೆ ಇದರಲ್ಲೇ ಹಾಲಿನ ಪುಡಿ ಕಲಸ್ತಾರೆ. ನಿನ್ನ ಮೀನಿಗೆ ಇರೋ ಬೆಲೆ ಆ ಕೂಸುಗಳಿಗಿಲ್ವೇನೋ?"

ನೀವು ಎನ್ನುತ್ತಿದ್ದವಳ ಬಾಯಲ್ಲಿ ನೀನು ಬಂದದ್ದು ಅವಳಿಗೆ ತಿಳಿಯಲಿಲ್ಲ. ಅವನಿಗೆ ತಿಳಿಯಿತು. ಅವನು ಕುರ್ಚಿಯಲ್ಲಿ ಕುಸಿದ.

"ಬ್ಲೋವರ್ ನಿಂತಿತ್ತು. ಹೌದೋ ಅಲ್ವೋ?"

"...ಹೌದು."

"ಬರೀ ನಿನ್ನೆ ನಿಲ್ಸಿದ್ರಾ?"

"ದಿನಾ ನಿಲ್ಲಿಸ್ತೀವಿ ಮೇಡಂ. ಮೇಲಿನವರೇ ಹೇಳಿದ್ದು. ಯಾರಾದ್ರೂ ನೋಡೋಕೆ ಬಂದಾಗ ಓಡಿಸಿದ್ರೆ ಸಾಕು ಅಂತ."

"ಆ ಹುಡುಗಿಗೆ ಅದು ಗೊತ್ತಾಯ್ತು."

"ನಿಂತ ತೊಟ್ಟಿಯಿಂದ, ಹೊರಗಿನ ಕಾಲುವೆಯಿಂದ ಕದ್ದು ನೀರು ಹಿಡಿದು ಬಾಟಲಿ ಮಾಡಿದ್ಲು. ಕೆಳಗಿನ ಊರಿನವರಿಗೆ ಕೊಡ್ತೀನಿ ಅಂತ ನನ್ನ ಮುಖಕ್ಕೇ ಹೇಳಿದ್ಲು. ನಿನ್ನೆ ಮತ್ತೆ ಹಿಡಿಯೋಕೆ ಹೋದಾಗ ನಾನೂ ಹಿಂದೆ ಹೋದೆ. ಕೈಯಲ್ಲಿದ್ದ ಬಾಟಲಿ ಕಿತ್ಕೊಳ್ಳೋಕೆ ಹೋದೆ, ಅವಳು ಬಿಡ್ಲಿಲ್ಲ. ಎಳೆದಾಡೋವಾಗ ಬಿದ್ಲು. ಬೇಕಂತ ತಳ್ಳಿಲ್ಲ ಮೇಡಂ, ದೇವರಾಣೆ."

"ದೇವರನ್ನ ಇದಕ್ಕೆ ಎಳೀಬೇಡ. ಬಿದ್ಲು. ಆಮೇಲೆ?"

"ಬಾಟಲಿ ಅಲ್ಲೇ ಮುಳುಗಿಹೋಯ್ತು. ಅವಳು ತೇಲ್ತಾ ಇದ್ಲು. ರಿಂಗ್ ಎಸೆದೆ. ಅದು ನಿಜ ಮೇಡಂ, ರಿಂಗ್ ಎಸೆದೆ. ಹಿಡ್ಕೊಂಡ್ಲು."

"ಹಿಡ್ಕೊಂಡವಳನ್ನ ಎಳೆಯೋಕೆ ಏನು ರೋಗ ಬಂದಿತ್ತು?"

ಅವನು ಬೆರಳುಗಳನ್ನು ಹಿಸುಕಿಕೊಂಡ. ಮೀನುಗಳ ಪೆಟ್ಟಿಗೆಯ ಚಿಕ್ಕ ಪಂಪು ಮಾತ್ರ ಗುಳುಗುಳು ಸದ್ದು ಮಾಡುತ್ತಿತ್ತು. ಆ ಪೆಟ್ಟಿಗೆಗೆ ಗಾಳಿ ಒಂದು ಗಳಿಗೆಯೂ ನಿಂತಿರಲಿಲ್ಲ ಎನ್ನುವುದು ಅವಳ ಗಮನಕ್ಕೆ ಬಂದು ರಕ್ತ ಇನ್ನೂ ಕುದಿಯಿತು.

"ರಿಂಗಿಗೆ ಹಗ್ಗ ಇರ್ಲಿಲ್ಲ. ಹಗ್ಗ ನನ್ನ ಕೈಯಲ್ಲಿತ್ತು. ನಾನು... ನಾನು ಕೇಳ್ದೆ, ಮಿಕ್ಕ ಬಾಟಲಿ ಎಲ್ಲಿಟ್ಟಿದ್ದೀಯ ಹೇಳು, ಹಗ್ಗ ಎಸೀತೀನಿ ಅಂತ."

ಅವಳಿಗೆ ಆ ಬಕೆಟ್ಟನ್ನು ಎತ್ತಿ ಅವನ ತಲೆಗೆ ಕವುಚಬೇಕೆಂದು ಕೈ ತುರಿಸಿತು. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದು ನಿಂತಳು.

"ಏನಂದ್ಲು?"

"ನಕ್ಕಳು ಮೇಡಂ. 'ಬಾಟಲಿ ಸಿಗಲ್ಲ ಸಾರ್, ನನಗೆ ಈಜು ಬರುತ್ತೆ' ಅಂದ್ಲು."

"ಆಮೇಲೆ?"

"ಭಯ ಆಯ್ತು. ಒಬ್ಬರಿಗೆ ಫೋನ್ ಮಾಡ್ದೆ."

"ಫೈರ್ ಸ್ಟೇಷನ್ನಿಗಾ? ಆಂಬುಲೆನ್ಸಿಗಾ?"

ಅವನು ಇಲ್ಲವೆಂದು ತಲೆಯಾಡಿಸಿದ. "ಇಂಥ ತಾಪತ್ರಯ ಬಂದಾಗ ಮುಚ್ಚಿಹಾಕೋಕೆ ಅಂತ ಕಂಪನಿಯವರು ಸಾಕಿಕೊಂಡಿರೋರು. 'ನೀನು ಅಲ್ಲೇ ನಿಂತಿರು, ಕೈ ಹಾಕ್ಬೇಡ, ನಾನು ನೋಡ್ಕೋತೀನಿ' ಅಂದ್ರು. ಸ್ವಲ್ಪ ಹೊತ್ತಾಯ್ತು. ಇದ್ದಕ್ಕಿದ್ದ ಹಾಗೆ ಬ್ಲೋವರ್ ಶುರುವಾಯ್ತು ಮೇಡಂ. ಕಾಲ ಕೆಳಗೆ ಕಟ್ಟೆ ನಡುಗಿತು. ನೀರು ಉಕ್ಕಿತು, ರಿಂಗು ಅವಳ ಕೈತಪ್ಪಿತು, ಅಷ್ಟೇ..." ಅವನು ಮುಖ ಮುಚ್ಚಿಕೊಂಡ. "ನಾನು ಶುರು ಮಾಡಿಲ್ಲ. ನಾನು ತೊಟ್ಟಿ ಹತ್ರಾನೇ ಇದ್ದೆ."

ಅದು ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು. ಬ್ಲೋವರಿನ ಗುಂಡಿ ಗೋಡೆಯಾಚೆ ಇತ್ತು. ಇವನು ಕೊಲೆಗೆ ಕಾವಲು ನಿಂತವನು. ಕೊಂದವನು ಬೇರೆ.

"ಯಾರಿಗೆ ಫೋನ್ ಮಾಡ್ದೆ?"

"ಅದೊಂದು ಕೇಳ್ಬೇಡಿ. ಹೇಳಿದ್ರೆ ನನ್ನನ್ನೂ ಉಳಿಸಲ್ಲ ಅವರು."

"ಫೋನ್ ಕೊಡು."

"ತೊಟ್ಟಿಗೆ ಎಸೆದೆ."

ಎರಡು ಬಾರಿಸಿದ್ದರೆ ಹೆಸರು ಉದುರುತ್ತಿತ್ತೋ ಏನೋ. ಆದರೆ ಹೊಡೆದು ಉದುರಿಸಿದ ಹೆಸರು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅವನನ್ನು ಅವನ ಮೀನುಗಳ ಜೊತೆಗೇ ಕೂಡಿ, ಹೊರಗಿನಿಂದ ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿದಳು. ಬಕೆಟ್ಟನ್ನು ಮೇಜಿನ ಮೇಲೇ ಬಿಟ್ಟಿದ್ದಳು. ಕಿಟಕಿ ತೆರೆಯಬಾರದೆಂದೂ ಹೇಳಿದ್ದಳು.

ಬ್ಲೋವರ್ ನಡೆಸುವ ಮುದುಕನನ್ನು ಪ್ಲಾಂಟಿನವರು ಗಾಳಿಯಜ್ಜ ಎನ್ನುತ್ತಿದ್ದರು. ಕಿವಿಗೆ ಹತ್ತಿ ತುರುಕಿಕೊಂಡು, ನಡುಗುವ ಯಂತ್ರದ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಅವಳು ರಟ್ಟೆ ಹಿಡಿದು ಹೊರಗೆ ಕರೆತಂದಳು. ಅವನು ಹತ್ತಿ ತೆಗೆದ.

"ಅಜ್ಜ, ನಿನ್ನೆ ಬ್ಲೋವರ್ ನಿಲ್ಸಿದ್ರಿ. ಮ್ಯಾನೇಜರ್ ಎಲ್ಲಾ ಹೇಳಿದ್ದಾನೆ. ಮತ್ತೆ ಶುರು ಮಾಡಿ ಅಂತ ಯಾರು ಹೇಳಿದ್ರು?"

"ಯಾರೂ ಹೇಳಲ್ಲ ತಾಯಿ. ಗಂಟೆ ಹೊಡೀತು, ಒತ್ತಿದೆ."

"ಯಾವ ಗಂಟೆ?"

ಅವನು ಬಾಗಿಲ ಮೇಲಿನ ಹಿತ್ತಾಳೆ ಬಟ್ಟಲಿನಂಥ ಬೆಲ್ಲನ್ನು ತೋರಿಸಿದ. "ಗೇಟಿನಲ್ಲಿ ಇದರ ಸ್ವಿಚ್ ಐತೆ. ಸರ್ಕಾರದ ಗಾಡಿ ಬಂದ್ರೆ ವಾಚ್‌ಮನ್ ಒತ್ತುತಾನೆ. ಇಲ್ಲಿ ಗಂಟೆ ಹೊಡೆಯುತ್ತೆ. ನಾನು ಗುಂಡಿ ಒತ್ತುತೀನಿ. ಸಾಹೇಬ್ರು ಗಾಡಿ ಇಳಿದು ಒಳಗೆ ಬರೋ ಹೊತ್ತಿಗೆ ತೊಟ್ಟಿ ಕುದೀತಾ ಇರ್ಬೇಕು. ವರ್ಷಗಟ್ಟಲೆ ಹಿಂಗೇ ನಡೆದೈತೆ."

"ಒತ್ತೋಕೆ ಮುಂಚೆ ತೊಟ್ಟಿ ನೋಡಲ್ವಾ?"

"ಇಲ್ಲಿಂದ ಕಾಣಲ್ಲ ತಾಯಿ. ಹೋಗಿ ನೋಡಿ ಬಂದ್ರೆ ತಡ ಆಗುತ್ತೆ. ತಡ ಆದ್ರೆ ಬೈತಾರೆ."

ಅವಳು ಅವನ ಮುಖವನ್ನೇ ನೋಡಿದಳು. ಅವನಿಗೆ ಗೊತ್ತಿರಲಿಲ್ಲ. ಹುಡುಗಿ ತೊಟ್ಟಿಗೆ ಬಿದ್ದು ಸತ್ತಳು ಎಂದಷ್ಟೇ ಗೊತ್ತಿತ್ತು. ಹೆಣ ತೆಗೆಯಲು ಬ್ಲೋವರ್ ನಿಲ್ಲಿಸಿದವನೂ ಅವನೇ. ಆದರೆ ತಾನು ಗುಂಡಿ ಒತ್ತುವಾಗ ಅವಳು ರಿಂಗು ಹಿಡಿದು, ನಗುತ್ತಾ, ಜೀವಂತವಾಗಿ ತೇಲುತ್ತಿದ್ದಳು ಎಂಬುದು ಗೊತ್ತಿರಲಿಲ್ಲ.

ಹೇಳದೆ ವಿಧಿಯಿರಲಿಲ್ಲ. ಹೇಳಿದಳು.

ಗಾಳಿಯಜ್ಜ ಮೊದಲು ಅರ್ಥವಾಗದವನಂತೆ ತಲೆಯಾಡಿಸಿದ. ಆಮೇಲೆ ತನ್ನ ಬಲಗೈ ಹೆಬ್ಬೆಟ್ಟನ್ನು ನೋಡಿಕೊಂಡ. ಗೋಡೆಗೆ ಒರಗಿ ಹಾಗೇ ನೆಲಕ್ಕೆ ಇಳಿದುಬಿಟ್ಟ.

"ದಿನಾ ಬಂದು ಊಟ ಆಯ್ತಾ ಅಜ್ಜ ಅಂತ ಕೇಳ್ತಿತ್ತು ಆ ಮಗು..."

ಬೈಯಬೇಕೆಂದು ಬಾಯಿ ತೆರೆದಿದ್ದಳು. ಗಂಟೆ ಹೊಡೆದಾಗ ಕಣ್ಣು ಮುಚ್ಚಿಕೊಂಡು ಒತ್ತುವ ಹೆಬ್ಬೆಟ್ಟುಗಳು ಇಲ್ಲದಿದ್ದರೆ ಇಂಥ ಕಂಪನಿಗಳು ಒಂದು ದಿನ ನಡೆಯುವುದಿಲ್ಲ ಎನ್ನಬೇಕೆಂದಿದ್ದಳು. ಮುದುಕ ಎದೆಗೆ ಕೈ ಒತ್ತಿಕೊಂಡು ಶಬ್ದವಿಲ್ಲದೆ ಅಳುವುದನ್ನು ನೋಡಿ ಬಾಯಿ ಮುಚ್ಚಿದಳು. ಸಿಟ್ಟು ಮಾತ್ರ ಹಾಗೇ ಇತ್ತು, ಅದಕ್ಕೆ ಇನ್ನೂ ತಕ್ಕ ತಲೆ ಸಿಕ್ಕಿರಲಿಲ್ಲ.

"ಏಳಿ ಅಜ್ಜ. ಇದನ್ನೆಲ್ಲಾ ಬರೆದುಕೊಡ್ತೀರಾ?"

"ನೇಣು ಹಾಕಿದ್ರೂ ಹೇಳ್ತೀನಿ ತಾಯಿ."

ಗೇಟಿನ ಬಳಿ ಬೆಂಚಿನ ಮೇಲೆ ಹುಡುಗಿಯ ತಾಯಿ ಕೂತಿದ್ದಳು. ಬಟ್ಟೆ ಹೊಲಿದು ಮಗಳನ್ನು ಓದಿಸಿದವಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಇನ್ನೂ ಜೋತಾಡುತ್ತಿತ್ತು, ನಿನ್ನೆ ಸುದ್ದಿ ಬಂದಾಗ ಹೊಲಿಗೆ ಮೆಷಿನ್ನಿನಿಂದ ಎದ್ದವಳು ಅದನ್ನು ತೆಗೆದೇ ಇರಲಿಲ್ಲ.

ಇನ್ಸ್‌ಪೆಕ್ಟರಮ್ಮ ಅವಳ ಪಕ್ಕ ಕೂತಳು. "ಅಮ್ಮ, ನಿಮ್ಮ ಮಗಳು ಜಾರಿ ಬಿದ್ದು ಸಾಯ್ಲಿಲ್ಲ."

"ನನಗೆ ಗೊತ್ತು. ಅವಳು ಈಜು ಕಲಿತಿದ್ದು ಇದೇ ಹೊಳೇಲಿ. ಆಗ ತಳದ ಕಲ್ಲು ಕಾಣ್ತಿತ್ತು. ಈಗ ಕಾಲಿಟ್ರೆ ತುರಿಕೆ ಬರುತ್ತೆ. ಅದೇ ಸಿಟ್ಟು ಅವಳಿಗೆ, ಬೇರೆ ಏನೂ ಇರ್ಲಿಲ್ಲ." ತಾಯಿ ಅವಳ ಮುಂಗೈ ಹಿಡಿದಳು. "ಬಾಟಲಿಗೋಸ್ಕರ ತಾನೇ ಸಾಯಿಸಿದ್ದು?"

"ನಿಮಗೆ ಹೇಗೆ ಗೊತ್ತು?"

"ನಮ್ಮನೆ ಫ್ರಿಜ್ಜಿನಲ್ಲಿದೆ, ಹಾಲಿನ ಪಾತ್ರೆ ಹಿಂದೆ. ಎಲ್ಲಿ ಹಿಡಿದಿದ್ದು, ಯಾವಾಗ ಹಿಡಿದಿದ್ದು ಅಂತ ಒಂದೊಂದರ ಮೇಲೂ ಚೀಟಿ ಅಂಟಿಸಿದ್ದಾಳೆ. ಯಾರಿಗೂ ಹೇಳ್ಬೇಡ, ಪೊಲೀಸರಿಗಂತೂ ಬೇಡವೇ ಬೇಡ ಅಂದಿದ್ಲು. ಆದ್ರೆ ಬೆಳಿಗ್ಗೆಯಿಂದ ನಿಮ್ಮನ್ನ ನೋಡ್ತಾ ಇದ್ದೀನಿ. ಈ ಜಾಗದಲ್ಲಿ ನನ್ನ ಮಗಳಿಗೋಸ್ಕರ ಸಿಟ್ಟು ಮಾಡಿಕೊಂಡವರು ನೀವೊಬ್ಬರೇ. ಅದಕ್ಕೆ ಹೇಳ್ತಿದ್ದೀನಿ."

ಇನ್ಸ್‌ಪೆಕ್ಟರಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಬಾಟಲಿಗಳು, ಅಜ್ಜನ ಹೇಳಿಕೆ, ಒಳಗೆ ಕೂಡಿಹಾಕಿದ ಮ್ಯಾನೇಜರ್. ದೊಡ್ಡ ಸಾಹೇಬರಲ್ಲ, ಅವರಪ್ಪ ಬಂದರೂ ಇನ್ನು ಈ ಫೈಲನ್ನು ಆಕಸ್ಮಿಕ ಎಂದು ಮುಚ್ಚಲಾಗದು. ಆದರೆ ಬಾಟಲಿ ಕೈಗೆ ಬರಬೇಕು, ಅಜ್ಜ ಕಂಪನಿಯವರ ಕೈಗೆ ಸಿಗಬಾರದು.

"ದಫೇದಾರ್!"

ದಫೇದಾರ್ ಓಡಿ ಬಂದರು. ಅವಳು ಹೊಸದಾಗಿ ಕೆಲಸಕ್ಕೆ ಸೇರಿದಾಗ ಬಂದೂಕು ಹಿಡಿಯುವುದರಿಂದ ಹಿಡಿದು ಹೇಳಿಕೆ ಬರೆಯುವವರೆಗೆ ಎಲ್ಲ ತಿದ್ದಿದವರು ಅವರೇ. ಬಡ್ತಿ ಸಿಕ್ಕಿ ಅವಳು ಮೇಡಂ ಆದ ಮೇಲೂ ಅವರು ಊಟ ಮಾಡಿದಿರಾ ಎಂದು ಕೇಳುವುದನ್ನು ಬಿಟ್ಟಿರಲಿಲ್ಲ.

"ಅಜ್ಜನ್ನ, ಅಮ್ಮನ್ನ ಜೀಪಲ್ಲಿ ಕೂರಿಸ್ಕೊಳ್ಳಿ. ಮೊದ್ಲು ಅಮ್ಮನ ಮನೆ. ಫ್ರಿಜ್ಜಲ್ಲಿ ಬಾಟಲಿಗಳಿವೆ, ಜೋಪಾನವಾಗಿ ತಗೊಳ್ಳಿ. ಆಮೇಲೆ ಇಬ್ಬರನ್ನೂ ಸೀದಾ ಸ್ಟೇಷನ್ನಿಗೆ. ದಾರೀಲಿ ಯಾರು ಅಡ್ಡ ಬಂದ್ರೂ ನಿಲ್ಲಿಸ್ಬೇಡಿ. ಇವರಿಗೇನಾದ್ರೂ ಆದ್ರೆ ಕೇಸೂ ಇಲ್ಲ, ಏನೂ ಇಲ್ಲ."

"ನನಗೆ ಬಿಡಿ ಮೇಡಂ."

ಜೀಪು ಹೋಯಿತು. ಅವಳು ಒಳಗೆ ಹೋಗಿ ಬ್ಲೋವರ್ ಓಡುತ್ತಿರುವಂತೆಯೇ ಆ ಕೋಣೆಗೆ ಸೀಲು ಹಾಕಿದಳು, ತೊಟ್ಟಿಯ ಕಟಕಟೆಗೆ ಪಟ್ಟಿ ಕಟ್ಟಿದಳು, ಮ್ಯಾನೇಜರ್ ಬಾಗಿಲು ಬಡಿಯುವುದನ್ನು ಕೇಳಿಯೂ ಕೇಳಿಸದಂತಿದ್ದಳು. ಉಳಿದದ್ದು ಒಂದೇ ಪ್ರಶ್ನೆ. ನಿನ್ನೆ ಪರಿಶೀಲನೆಗೆಂದು ಯಾವ ಅಧಿಕಾರಿಯೂ ಪ್ಲಾಂಟಿನ ಒಳಗೆ ಬಂದಿರಲಿಲ್ಲ. ಹಾಗಾದರೆ ಗಂಟೆ ಹೊಡೆದದ್ದು ಏಕೆ? ಈ ಪ್ಲಾಂಟಿನ ಗುಟ್ಟು ಗೊತ್ತಿದ್ದವನೊಬ್ಬ, ತೊಟ್ಟಿಯಲ್ಲಿ ಹುಡುಗಿ ಇದ್ದಾಳೆಂದು ಫೋನಿನಲ್ಲಿ ಕೇಳಿಕೊಂಡವನೊಬ್ಬ, ತನ್ನ ಕೈಗೆ ಒಂದು ಹನಿ ನೀರೂ ತಾಗದಂತೆ ಆ ಗಂಟೆ ಹೊಡೆಸಿದ್ದ.

ಗೇಟಿನ ವಾಚ್‌ಮನ್ ಅವಳನ್ನು ಕಂಡು ಎದ್ದು ಸಲಾಮು ಹೊಡೆದ.

"ನಿನ್ನೆ ಮಧ್ಯಾಹ್ನ ಗಂಟೆ ನೀನೇ ಹೊಡೆದ್ಯಾ?"

"ಹೌದು ಮೇಡಂ."

"ಯಾವ ಗಾಡಿ ಬಂತು ಅಂತ ಹೊಡೆದೆ?"

ವಾಚ್‌ಮನ್ ಪೆಚ್ಚಾಗಿ ನಕ್ಕ. "ಅದೇನು ಮೇಡಂ ಹೀಗೆ ಕೇಳ್ತೀರಾ? ನಿಮಗೆ ಗೊತ್ತೇ ಇದೆಯಲ್ಲ."

"ನನಗೆ ಗೊತ್ತಿದ್ರೆ ನಿನ್ನನ್ನ ಯಾಕೆ ಕೇಳ್ಲಿ? ಬೊಗಳು!"

ನಗು ಮಾಯವಾಯಿತು. "ನಿಮ್ಮ ಜೀಪೇ ಮೇಡಂ. ಆ ತಿರುವಿನ ಹತ್ರ ಯಾವಾಗ್ಲೂ ಗಸ್ತಿಗೆ ಅಂತ ಬಂದು ನಿಲ್ಲುತ್ತಲ್ಲ. ಗೇಟಿಗೆ ಬಂದ್ರು, ಇಳೀಲಿಲ್ಲ. 'ಗಂಟೆ ಹೊಡಿ' ಅಂದ್ರು. ಹೊಡೆದೆ. ಬ್ಲೋವರ್ ಸದ್ದು ಬರೋತನಕ ಕಾದಿದ್ದು, ತಿರುಗಿಸ್ಕೊಂಡು ಹೋದ್ರು. 'ಮೇಡಂ ಹೇಳಿದ್ದಾರೆ, ಯಾರ ಹತ್ರಾನೂ ಮಾತಾಡ್ಬೇಡ' ಅಂತಾನೂ ಅಂದ್ರು. ಅದಕ್ಕೇ ಬೆಳಿಗ್ಗೆಯಿಂದ ನಾನು..."

"ಯಾರು?"

"ದಫೇದಾರ್ ಸಾಹೇಬ್ರು."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ಬೇಲಿಯ ಬಾಯಿಗೆ ಇಡೀ ಹೊಲವನ್ನು ಈಗ ತಾನೇ ಕೈಯಾರೆ ಎತ್ತಿ ಕೊಟ್ಟವಳು ಅವಳೇ. ತೊಟ್ಟಿಯಲ್ಲಿ ತೇಲುತ್ತಾ ಆ ಹುಡುಗಿ ಜೀವ ಹೋದರೂ ಹೇಳದೆ ಉಳಿಸಿಕೊಂಡ ಜಾಗವನ್ನು, ಹಾಲಿನ ಪಾತ್ರೆಯ ಹಿಂದೆ ಎನ್ನುವುದೊಂದನ್ನು ಬಿಟ್ಟು, ಅವಳೇ ಹೇಳಿ ಕಳಿಸಿದ್ದಳು. ಪೊಲೀಸರಿಗಂತೂ ಬೇಡವೇ ಬೇಡ ಅಂದಿದ್ಲು! ತಾಯಿ ಬಾಯಿಬಿಟ್ಟು ಹೇಳಿದ್ದಳು. ಕಿವಿ ಇದ್ದೂ ಕೇಳಿಸಿಕೊಂಡಿರಲಿಲ್ಲ.

ಫೋನು ಒತ್ತಿದಳು. ಅರಚಬೇಕೆನ್ನಿಸಿತು. ಅರಚಿದರೆ ಅವನಿಗೆ ತಿಳಿದುಹೋಗುತ್ತದೆ. ಜೀವಮಾನದಲ್ಲಿ ಸಿಟ್ಟು ನುಂಗಿ ಗೊತ್ತಿಲ್ಲದ ಹೆಂಗಸು ಆ ಗಳಿಗೆ ಅದನ್ನು ನುಂಗಿದಳು, ಗಂಟಲು ಸುಟ್ಟರೂ ನುಂಗಿದಳು.

"ಹಲೋ, ಮೇಡಂ?" ಅದೇ ನಿಧಾನದ, ನಂಬಿಕಸ್ಥ ದನಿ.

"ಬಾಟಲಿ ಸಿಕ್ತಾ ದಫೇದಾರ್?"

"ಸಿಕ್ತು ಮೇಡಂ. ಎಲ್ಲಾ ಜೋಪಾನವಾಗಿದೆ. ಇಬ್ಬರೂ ಜೊತೇಲೇ ಇದ್ದಾರೆ. ಇನ್ನೇನು ಸ್ಟೇಷನ್ ಹತ್ರ ಬಂದ್ವಿ."

"ಒಳ್ಳೇದು. ಅವಸರ ಮಾಡ್ಬೇಡಿ, ನಿಧಾನಕ್ಕೆ ಬನ್ನಿ. ನಾನೂ ಬರ್ತಾ ಇದ್ದೀನಿ."

"ಆಗ್ಲಿ ಮೇಡಂ. ನೀವು ಊಟ ಮಾಡಿದ್ರಾ?"

ಅವಳು ಉತ್ತರಿಸುವ ಮೊದಲೇ ಅವನ ದನಿಯ ಹಿಂದೆ ಇನ್ನೊಂದು ದನಿ ಬಂತು. ಗಾಬರಿಯಿಲ್ಲದ, ದಾರಿ ತಪ್ಪಿದವರಿಗೆ ದಾರಿ ತೋರಿಸುವಂಥ ಹೆಂಗಸಿನ ದನಿ.

"ಇದೇನಪ್ಪಾ, ಸ್ಟೇಷನ್ ದಾರಿ ಹಿಂದೇನೇ ಹೋಯ್ತಲ್ಲ, ಹೊಳೆ ಕಡೆ ಯಾಕೆ ಇಳಿಸ್ತಾ ಇದ್ದೀರಾ?"

ಫೋನು ಕಡಿದುಹೋಯಿತು.